ಕಟ್ಟಿಹಾಕಿದ್ದು ನಟರನ್ನು, ಬಿಟ್ಟುಬಿಟ್ಟಿದ್ದು ಕತೆಯನ್ನು

ಬ್ರಹ್ಮಸಮುದ್ರದ ಕಡೆ ಸಂಜೆಯ ಟಿ.ವಿ. ಎರಡು ಭಾಷೆಯಲ್ಲಿ ಓಡುತ್ತದೆ. ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ಸೀಮೆ ಇದು. ಹತ್ತಿರದಲ್ಲೇ ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಅಣೆಕಟ್ಟು, ಗಡಿ ದಾಟಿದರೆ ಚಳ್ಳಕೆರೆ, ಪಾವಗಡ. ಕಚೇರಿಯ ಕಾಗದ ತೆಲುಗು, ಎಷ್ಟೋ ಮನೆಗಳ ಅಡುಗೆಮನೆ ಕನ್ನಡ, ಸಂತೆಯಲ್ಲಿ ಎರಡೂ. ಇಲ್ಲಿನ ಹೆಂಗಸರು ರಿಮೋಟ್ ಕೈಯಲ್ಲಿ ಹಿಡಿದು ಬೆಂಗಳೂರಿನ ಧಾರಾವಾಹಿ ನೋಡುತ್ತಾರೆ, ಜಾಹೀರಾತು ಬಂದೊಡನೆ ಹೈದರಾಬಾದಿನದಕ್ಕೆ ಹೋಗುತ್ತಾರೆ, ಅಲ್ಲಿ ಜಾಹೀರಾತು ಶುರುವಾದರೆ ಮತ್ತೆ ಇತ್ತ ಬರುತ್ತಾರೆ. ಎಷ್ಟೋ ಸಲ ಎರಡೂ ಕಡೆ ಕಾಣುವುದು ಅದೇ ಮುಖ. ‘ಅಗ್ನಿಸಾಕ್ಷಿ’ಯಲ್ಲಿ ತನು ಆಗಿದ್ದ ಶೋಭಾ ಶೆಟ್ಟಿ ತೆಲುಗಿನ ‘ಕಾರ್ತಿಕ ದೀಪಂ’ನಲ್ಲಿ ಮೋನಿತಾ ಆಗಿ ಈ ಸೀಮೆಯ ಮನೆಮನೆಯ ಬೈಗುಳ ತಿಂದರು. ‘ಗುಪ್ಪೆಡಂತ ಮನಸು’ವಿನ ನಾಯಕ ಮುಕೇಶ್ ಗೌಡ, ನಾಯಕಿ ರಕ್ಷಾ ಗೌಡ ಇಬ್ಬರೂ ಕನ್ನಡದವರು. ಮೈಸೂರಿನ ನಿಖಿಲ್ 2024ರಲ್ಲಿ ತೆಲುಗು ಬಿಗ್ ಬಾಸ್ ಗೆದ್ದಾಗ ಈ ಕಡೆಯವರು ಅವರನ್ನು ತಮ್ಮ ಹುಡುಗನೆಂದೇ ಮಾತಾಡಿಕೊಂಡರು.

ಎರಡೂ ನೋಡುವವರಿಗೆ ಒಂದೇ ನೋಡುವವರಿಗಿಂತ ಹೆಚ್ಚು ಕಾಣುತ್ತದೆ. ಒಂದೇ ಕತೆ ಗಡಿಯ ಈಚೆ ಒಂದು ಥರ, ಆಚೆ ಇನ್ನೊಂದು ಥರ ಜಗ್ಗುವುದನ್ನು ಅವರು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ನಟರ ದೀರ್ಘ ಕರಾರು ಧಾರಾವಾಹಿಗಳನ್ನು ಕೆಡಿಸುತ್ತಿದೆ ಎಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತದೆ. ವರ್ಷಗಟ್ಟಲೆ ಒಂದೇ ಪಾತ್ರಕ್ಕೆ ಕಟ್ಟಿಬಿದ್ದ ನಟ ಬೇಸತ್ತು ಯಂತ್ರವಾಗುತ್ತಾನೆ, ಬಿಟ್ಟುಹೋದರೆ ಕತೆ ಮುರಿಯುತ್ತದೆ ಎಂಬುದು ಅದರ ಸಾರ. ಅರ್ಧ ಸತ್ಯ ಅದು. ಉಳಿದರ್ಧಕ್ಕೆ ಒಂದು ಕತೆಯ ಮೂರು ಭಾಷೆಯ ಬಾಳನ್ನು ನೋಡಬೇಕು.

2018ರ ಆಗಸ್ಟಿನಲ್ಲಿ ಝೀ ಮರಾಠಿಯಲ್ಲಿ ‘ತುಲಾ ಪಾಹತೇ ರೇ’ ಆರಂಭವಾಯಿತು. ನಡುವಯಸ್ಸಿನ ಸಿರಿವಂತ ಉದ್ಯಮಿ, ಅವನ ಅರ್ಧ ವಯಸ್ಸಿನ ಮಧ್ಯಮ ವರ್ಗದ ಹುಡುಗಿ, ಅವರಿಬ್ಬರ ಪ್ರೀತಿ, ಅದರ ಹಿಂದೆ ಅಡಗಿದ ಒಂದು ಹಳೆಯ ಪಾಪ. ನಾಯಕ ಸುಬೋಧ್ ಭಾವೆ ಸಿನಿಮಾದಲ್ಲಿ, ರಂಗಭೂಮಿಯಲ್ಲಿ ಹೆಸರಾದವರು. ಕತೆ 2019ರ ಜುಲೈಯಲ್ಲಿ ಮುಗಿಯಿತು. ಹನ್ನೊಂದು ತಿಂಗಳು. ಪ್ರೀತಿಸುವ ಗಂಡಸು ಖಳನೆಂದು ಬಯಲಾಗುವುದು, ಅವನ ಕತೆ ಕೊನೆ ಮುಟ್ಟುವುದು, ಎಲ್ಲ ಅಷ್ಟರಲ್ಲೇ.

ಅದೇ ಕತೆ 2019ರ ಸೆಪ್ಟೆಂಬರಿನಲ್ಲಿ ಝೀ ಕನ್ನಡಕ್ಕೆ ‘ಜೊತೆ ಜೊತೆಯಲಿ’ ಆಗಿ ಬಂತು. ಆರ್ಯವರ್ಧನನಾಗಿ ಅನಿರುದ್ಧ ಜತ್ಕರ್, ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ, ನಿರ್ದೇಶನ ಆರೂರು ಜಗದೀಶ್. ಮೊದಲ ತಿಂಗಳುಗಳಲ್ಲಿ ಆ ಧಾರಾವಾಹಿಗಿದ್ದ ಕಳೆಯನ್ನು ನೋಡಿದವರು ಮರೆತಿಲ್ಲ. ವಠಾರದ ಮನೆ, ಸೀರೆ ಅಂಗಡಿಯ ಕೆಲಸದ ಅಪ್ಪ, ಮಾತು ಕಡಿಮೆಯ ಉದ್ಯಮಿ. ಬಹಳ ವರ್ಷಗಳ ಮೇಲೆ ಗಂಡಸರೂ ಕೂತು ನೋಡಿದ ಧಾರಾವಾಹಿ ಅದು. ಮರುವರ್ಷ ಝೀ ತೆಲುಗಿನಲ್ಲಿ ‘ಪ್ರೇಮ ಎಂತ ಮಧುರಂ’ ಶುರುವಾಯಿತು. ಬ್ರಹ್ಮಸಮುದ್ರದ ಮನೆಗಳಲ್ಲಿ ಆರ್ಯವರ್ಧನ ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಇನ್ನೊಂದು ಸಲ ಪ್ರೀತಿಸಿದ.

ಮರಾಠಿಯಲ್ಲಿ ಹನ್ನೊಂದು ತಿಂಗಳಿಗೆ ಮುಗಿದ ಕತೆ ಕನ್ನಡದಲ್ಲಿ 2023ರ ಮೇ ತನಕ, ಸುಮಾರು ಮೂರು ಮುಕ್ಕಾಲು ವರ್ಷ ನಡೆಯಿತು. ತೆಲುಗಿನಲ್ಲಿ ಅದಕ್ಕಿಂತಲೂ ಹೆಚ್ಚು. ಎರಡೂ ಭಾಷೆಯಲ್ಲಿ ಜನ ಮೆಚ್ಚಿದ್ದರು, ಜಾಹೀರಾತು ಬರುತ್ತಿತ್ತು, ನಿಲ್ಲಿಸುವುದು ಯಾರಿಗೂ ಬೇಕಿರಲಿಲ್ಲ. ಆದರೆ ಕತೆ ಎಂಬುದಕ್ಕೆ ಅದರದೇ ಅಳತೆ ಇರುತ್ತದೆ. ಹನ್ನೊಂದು ತಿಂಗಳ ಕತೆಯನ್ನು ಮೂರು ಮುಕ್ಕಾಲು ವರ್ಷಕ್ಕೆ ಎಳೆಯುವಾಗ ನಡುವೆ ತುಂಬಬೇಕಾದದ್ದು ಎಲ್ಲಿಂದಲೋ ಬರಬೇಕು.

2022ರ ಆಗಸ್ಟಿನಲ್ಲಿ ಆದದ್ದು ಎಲ್ಲರಿಗೂ ಗೊತ್ತು. ‘ಜೊತೆ ಜೊತೆಯಲಿ’ಯ ಚಿತ್ರೀಕರಣದ ವೇಳೆ ದೃಶ್ಯವೊಂದರ ಬಗ್ಗೆ ನಾಯಕನಿಗೂ ನಿರ್ದೇಶಕರಿಗೂ ಭಿನ್ನಾಭಿಪ್ರಾಯ ಬಂತು. ನಟ ಸೆಟ್ ಬಿಟ್ಟು ಹೊರಟುಹೋದರು ಎಂದು ತಂಡ ದೂರಿತು. ಬರವಣಿಗೆಯ ಬಗ್ಗೆ ತಮಗಿದ್ದ ಅಸಮಾಧಾನವನ್ನು ನಟ ಮಾಧ್ಯಮದ ಮುಂದಿಟ್ಟರು. ಕಿರುತೆರೆ ನಿರ್ಮಾಪಕರು ಒಟ್ಟಾಗಿ ಎರಡು ವರ್ಷ ಅವರಿಗೆ ಅವಕಾಶ ಕೊಡುವುದಿಲ್ಲ ಎಂದು ನಿರ್ಧರಿಸಿದರು. ಮುಂದೆ ರಾಜಿಯಾಗಿ 2024ರಲ್ಲಿ ಅನಿರುದ್ಧ ಉದಯ ಟಿ.ವಿ.ಯ ‘ಸೂರ್ಯವಂಶ’ದಲ್ಲಿ ನಟಿಸಿದರು. ಯಾರದು ಸರಿ ಎಂದು ತೀರ್ಪು ಹೇಳಲು ನಾನು ಆ ಸೆಟ್‌ನಲ್ಲಿ ಇರಲಿಲ್ಲ. ಪರದೆಯ ಮೇಲೆ ಆದದ್ದನ್ನಷ್ಟೇ ಹೇಳಬಲ್ಲೆ. ಕತೆಯಲ್ಲಿ ಅಪಘಾತವಾಯಿತು, ಪ್ಲಾಸ್ಟಿಕ್ ಸರ್ಜರಿಯಾಯಿತು, ಹರೀಶ್ ರಾಜ್ ಅವರ ಮುಖ ಆರ್ಯವರ್ಧನನ ಮುಖವಾಯಿತು.

ಹರೀಶ್ ರಾಜ್ ಒಳ್ಳೆಯ ನಟ. ಆದರೂ ನಮ್ಮ ಸೋದರತ್ತೆ ಆ ವಾರ ಕೇಳಿದ ಮಾತು ಸುಳ್ಳಲ್ಲ: “ಏನಪ್ಪಾ, ಇವ್ನು ಅವ್ನಲ್ವಲ್ಲ. ಮೂರು ವರ್ಷ ಅವ್ನ ಮೊಕ ನೋಡ್ಕಂಡು ಉಂಡಿದೀವಿ. ಈಗ ಯಾರನ್ನೋ ತಂದು ಗಂಡ ಅನ್ನು ಅಂದ್ರೆ ಆ ಹುಡುಗಿ ಅಂದಾಳು, ನಾವ್ ಅಂಬೋದೆಂಗೆ?” ತೆಲುಗಿನ ಆರ್ಯವರ್ಧನನ ಮುಖ ಮಾತ್ರ ಹಾಗೇ ಇತ್ತು. ಅತ್ತೆ ಕೆಲವು ದಿನ ಅಲ್ಲಿಗೇ ಹೋದರು.

ಕರಾರಿನಲ್ಲಿ ಏನಿರುತ್ತದೆ

ನಟ ನಟಿಯರು ಸಹಿ ಹಾಕುವ ಅಗ್ರಿಮೆಂಟ್ ಸಾಮಾನ್ಯವಾಗಿ ನಿರ್ಮಾಣ ಸಂಸ್ಥೆಯೊಂದಿಗೆ ಆಗುತ್ತದೆ. ಧಾರಾವಾಹಿಯ ಹಕ್ಕು ಹೆಚ್ಚಿನಂಶ ಚಾನೆಲ್‌ನದು. ನಿರ್ಮಾಪಕನಿಗೆ ಚಾನೆಲ್ ಸಂಚಿಕೆಗಿಷ್ಟು ಎಂದು ಕೊಡುತ್ತದೆ, ನಿರ್ಮಾಪಕ ನಟರಿಗೆ ದಿನಕ್ಕಿಷ್ಟು ಎಂದು ಕೊಡುತ್ತಾನೆ. ತಿಂಗಳಿಗೆ ಇಷ್ಟು ದಿನ ಕಾಲ್‌ಶೀಟ್ ಕೊಡಬೇಕು, ಈ ಧಾರಾವಾಹಿ ಇರುವಷ್ಟು ಕಾಲ ಬೇರೆ ಚಾನೆಲ್‌ನ ಧಾರಾವಾಹಿಯಲ್ಲಿ ಕಾಣಿಸಿಕೊಳ್ಳಬಾರದು, ಕೂದಲು ಕತ್ತರಿಸುವುದಕ್ಕೂ ಗಡ್ಡ ಬಿಡುವುದಕ್ಕೂ ಕೇಳಬೇಕು, ಪ್ರೋಮೋಗೆ, ಪ್ರಶಸ್ತಿ ಸಮಾರಂಭಕ್ಕೆ, ಊರೂರಿನ ಕಾರ್ಯಕ್ರಮಕ್ಕೆ ಬರಬೇಕು, ಬಿಡುವುದಾದರೆ ಮುಂಚಿತವಾಗಿ ತಿಳಿಸಬೇಕು. ನಟನನ್ನು ತೆಗೆಯುವ ಹಕ್ಕು ಇನ್ನೊಂದು ಕಡೆಯವರಿಗೆ ಇದ್ದೇ ಇರುತ್ತದೆ. ರೇಟಿಂಗ್ ಬೀಳುವ ವಾರ ಪಾತ್ರವೊಂದು ಊರಿಗೆ ಹೋಗಿ ತಿರುಗಿ ಬರದೇ ಇರಬಹುದು. ಅದಕ್ಕೆ ಪರಿಹಾರ ಅಪರೂಪ.

ಇದನ್ನೆಲ್ಲ ಅನ್ಯಾಯ ಎನ್ನುವುದು ಸುಲಭ. ನಟರನ್ನು ಕೇಳಿದರೆ ಬೇರೆ ಮಾತೂ ಬರುತ್ತದೆ. ಸಿನಿಮಾದಲ್ಲಿ ಚಿಕ್ಕ ಪಾತ್ರಕ್ಕೆ ಕಾದು ಕೂತ ನಟನಿಗೆ ಧಾರಾವಾಹಿಯೇ ತಿಂಗಳ ಮನೆ ಬಾಡಿಗೆ, ಮಕ್ಕಳ ಫೀಸು, ಗಾಡಿಯ ಕಂತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ಈ ಆಸರೆ ಎಷ್ಟು ತೆಳ್ಳಗಿನದೆಂದು ಎಲ್ಲರಿಗೂ ಕಂಡಿತು. ಆ ಹೊತ್ತಿನಲ್ಲೇ ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ನಡುವೆಯೇ ನಿಂತುಹೋಯಿತು, ಹಿಂದಿಯ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣಕ್ಕೆ ಬಂತು. ನಿರ್ಮಾಪಕರ ಕಷ್ಟವೂ ಹುಸಿಯಲ್ಲ. ನಾಯಕ ಒಂದು ಬೆಳಗ್ಗೆ ಬರದಿದ್ದರೆ ಲೈಟ್ ಹುಡುಗರಿಂದ ಅಡುಗೆಯವರ ತನಕ ಒಂದು ಇಡೀ ಯೂನಿಟ್ ಸುಮ್ಮನೆ ಕೂರುತ್ತದೆ. ವಾರಕ್ಕೆ ಐದಾರು ಸಂಚಿಕೆ ಪ್ರಸಾರವಾಗುವ ಕಡೆ ಕೈಯಲ್ಲಿ ಬ್ಯಾಂಕ್ ಇಲ್ಲದಿದ್ದರೆ, ಅಂದರೆ ಮುಗಿಸಿಟ್ಟ ಸಂಚಿಕೆಗಳಿಲ್ಲದಿದ್ದರೆ, ನಾಳೆಯ ಅರ್ಧ ಗಂಟೆಗೆ ಹಾಕಲು ಏನೂ ಇರುವುದಿಲ್ಲ. ಆದ್ದರಿಂದ ಕರಾರು ಬೇಕು, ದೀರ್ಘವಾದ ಕರಾರೇ ಬೇಕು.

ನನ್ನ ತಕರಾರು ಕರಾರಿನಲ್ಲಿ ಇಲ್ಲದ್ದರ ಬಗ್ಗೆ. ಕತೆ ಎಷ್ಟು ಸಂಚಿಕೆಯದು, ಪಾತ್ರ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಬರೆಯುವವರು ಯಾರು ಎಂಬ ಮೂರು ಸಾಲು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಟ ತನ್ನ ಮೂರು ನಾಲ್ಕು ವರ್ಷವನ್ನು ಬರೆದುಕೊಡುತ್ತಾನೆ. ಅದಕ್ಕೆ ಬದಲಾಗಿ ಕತೆ ಏನನ್ನೂ ಬರೆದುಕೊಡುವುದಿಲ್ಲ.

ಒಂದು ಲೋಟ ನೀರು

ಮುಗಿಯದ ಕತೆಗೆ ನಟ ಕಟ್ಟಿಬಿದ್ದಾಗ ಅಭಿನಯಕ್ಕೆ ಏನಾಗುತ್ತದೆಂದು ತಿಳಿಯಲು ಒಂದೇ ಒಂದು ದೃಶ್ಯ ಸಾಕು. ಅಂಥದ್ದನ್ನು ಯಾವ ದಿನವಾದರೂ ನೋಡಬಹುದು. ಅರ್ಧ ಗಂಟೆಯ ಹೊತ್ತಿನಲ್ಲಿ ಸಂಚಿಕೆ ಇಪ್ಪತ್ತೆರಡು ನಿಮಿಷದಷ್ಟು. ಸೊಸೆ ಅತ್ತೆಗೆ ಒಂದು ಲೋಟ ನೀರು ತಂದುಕೊಡುತ್ತಾಳೆ, ನೀರಿನಲ್ಲಿ ಏನೋ ಬೆರೆತಿದೆ ಎಂದು ಬಾಗಿಲ ಬಳಿಯ ನಾದಿನಿಗೆ ಮಾತ್ರ ಗೊತ್ತು. ಅತ್ತೆ ಲೋಟ ಎತ್ತುತ್ತಾಳೆ. ಕ್ಯಾಮೆರಾ ನಾದಿನಿಯ ಮುಖಕ್ಕೆ ಹೋಗುತ್ತದೆ, ಸಂಗೀತ ಬಡಿಯುತ್ತದೆ. ಅಲ್ಲಿಂದ ಸೊಸೆ, ಸೋಫಾದ ಮಾವ, ಮೆಟ್ಟಿಲ ಮೇಲಿನ ಮಗ, ಮತ್ತೆ ಅತ್ತೆ. ಒಂದೊಂದು ಮುಖದ ಮೇಲೂ ಮೂರು ಸಲ ಜೂಮ್. ಲೋಟ ಇನ್ನೂ ತುಟಿಗೆ ತಾಗಿಲ್ಲ. ಜಾಹೀರಾತು ಮುಗಿದ ಮೇಲೆ ಲೋಟ ಮೇಜಿನಿಂದ ಮತ್ತೊಮ್ಮೆ ಏಳುತ್ತದೆ. ನೀರು ಕುಡಿದಳೋ ಇಲ್ಲವೋ ಎಂಬುದು ನಾಳೆಗೆ. ನಾಳೆ ಯಾರೋ ಬಾಗಿಲು ಬಡಿಯುತ್ತಾರೆ, ಲೋಟ ಕೈಜಾರಿ ಬೀಳುತ್ತದೆ.

ಇಲ್ಲಿ ನಟಿಯರಿಗೆ ಉಳಿದ ಕೆಲಸ ಎಂದರೆ ಕಣ್ಣು ಅಗಲ ಮಾಡಿ ನಿಲ್ಲುವುದು. ಸೆಟ್‌ನಲ್ಲಿ ಇದಕ್ಕೆ ರಿಯಾಕ್ಷನ್ ಎನ್ನುತ್ತಾರೆ. ಅದೇ ಸೀರೆಯಲ್ಲಿ, ಅದೇ ಬೆಳಕಿನಲ್ಲಿ ಹತ್ತಾರು ರಿಯಾಕ್ಷನ್ ಒಟ್ಟಿಗೆ ತೆಗೆದಿಟ್ಟುಕೊಂಡು ಎಡಿಟಿಂಗ್‌ನಲ್ಲಿ ಬೇಕಾದಲ್ಲಿ ಹಾಕಿಕೊಳ್ಳುವುದೂ ಉಂಟು. ಯಾವುದಕ್ಕೆ ಬೆಚ್ಚಿಬಿದ್ದೆ ಎಂದು ತಿಳಿಯದೆ ಬೆಚ್ಚಿಬೀಳುವುದನ್ನು ವರ್ಷಗಟ್ಟಲೆ ಮಾಡಿದ ನಟಿಯಿಂದ ನಾವು ಏನು ಕೇಳಬೇಕು? ಪ್ರತಿಭೆ ಇದ್ದವರೂ ಇಲ್ಲಿ ಸವೆಯುತ್ತಾರೆ. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ ‘ಪುಟ್ಟಕ್ಕನ ಮಕ್ಕಳು’ವಿನಲ್ಲಿ ಮೆಸ್ ನಡೆಸುವ ತಾಯಾಗಿ ಬಂದಾಗ ಮೊದಲ ವರ್ಷದ ಸಂಚಿಕೆಗಳಲ್ಲಿ ಎಂಥ ಬಿಗಿ ಇತ್ತು! ಮುಂದಿನ ವರ್ಷಗಳಲ್ಲಿ ಆ ಬಿಗಿ ಹಾಗೇ ಉಳಿಯಲಿಲ್ಲ. ಅದು ಅವರ ಅಭಿನಯದ ಕೊರತೆಯಲ್ಲ. 2024ರಲ್ಲಿ ಅದರಲ್ಲಿನ ಮಗಳು ಸ್ನೇಹಾ ಪಾತ್ರದ ಸಂಜನಾ ಬುರ್ಲಿ ಹೊರಬಂದರು, ಕತೆ ಆ ಪಾತ್ರವನ್ನು ಸಾಯಿಸಿತು. ಓದಿ ಜಿಲ್ಲಾಧಿಕಾರಿಯಾದ ಹುಡುಗಿಯನ್ನು ತಮ್ಮ ಮಗಳೆಂದುಕೊಂಡಿದ್ದ ತಾಯಂದಿರು ಅಂದು ಅತ್ತದ್ದು ನಿಜವಾದ ಅಳು.

ಮುಖ ಬದಲಿಸಿ ಕತೆ ಎಳೆಯುವುದು ಕನ್ನಡದ್ದೊಂದೇ ರೋಗವಲ್ಲ. 2000ರಿಂದ 2008ರವರೆಗೆ 1833 ಸಂಚಿಕೆ ಓಡಿದ ‘ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ’ಯಲ್ಲಿ ಮಿಹಿರ್ ಪಾತ್ರವನ್ನು ಅಮರ್ ಉಪಾಧ್ಯಾಯ್, ಇಂದರ್ ಕುಮಾರ್, ರೋನಿತ್ ರಾಯ್ ಒಬ್ಬರಾದ ಮೇಲೊಬ್ಬರು ಮಾಡಿದರು. ‘ಬಾಲಿಕಾ ವಧು’ವಿನ ಆನಂದಿಗೆ ಮೂವರು ನಟಿಯರು. ನಮ್ಮ ‘ಲಕ್ಷ್ಮೀ ಬಾರಮ್ಮ’ದಲ್ಲಿ ಚಂದನ್ ಕುಮಾರ್ ಹೋಗಿ ಶೈನ್ ಶೆಟ್ಟಿ ಬಂದರು, ಕವಿತಾ ಗೌಡ ಹೋಗಿ ರಶ್ಮಿ ಪ್ರಭಾಕರ್ ಬಂದರು. ‘ಕಾರ್ತಿಕ ದೀಪಂ’ 2022ರಲ್ಲಿ ನಾಯಕ ನಾಯಕಿಯನ್ನು ಅಪಘಾತದಲ್ಲಿ ಸಾಯಿಸಿ ಮಕ್ಕಳ ಕಾಲಕ್ಕೆ ಹಾರಿತು. ಜನ ನೋಡುವುದು ಬಿಟ್ಟರು, ಕೆಲವೇ ತಿಂಗಳಲ್ಲಿ ಸತ್ತವರು ತಿರುಗಿ ಬಂದರು. ಅಲ್ಲಿ ಕತೆ ತಾನಾಗಿಯೇ ದಾರಿ ತಪ್ಪಿತು.

ಕಟ್ಟಿಬಿದ್ದೂ ಬೆಳೆದವರು

ದೀರ್ಘ ಕಟ್ಟೇ ಕಲೆಯನ್ನು ಕೆಡಿಸುವುದಾದರೆ ಕನ್ನಡದ ಅರ್ಧ ಅಭಿನಯ ಪರಂಪರೆ ಹುಟ್ಟುತ್ತಲೇ ಇರಲಿಲ್ಲ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯಲ್ಲಿ ನಟರು ವರ್ಷಗಟ್ಟಲೆ ಇದ್ದರು. ಕಂಪನಿಯ ಊಟ, ಕಂಪನಿಯ ಬಿಡಾರ, ಕಂಪನಿಯ ಸಂಬಳ. ಬಿಟ್ಟುಹೋಗುವುದು ಸುಲಭವಿರಲಿಲ್ಲ, ಹೋದರೆ ಇನ್ನೊಂದು ಕಂಪನಿಯ ಇನ್ನೊಂದು ಕಟ್ಟು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿ ಇದ್ದರು, ಅವರ ಮಗ ಮುತ್ತುರಾಜನೂ ಅಲ್ಲೇ ಬೆಳೆದ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲ ಆ ಗರಡಿಯವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಮುತ್ತುರಾಜ ರಾಜ್‌ಕುಮಾರ್ ಆಗಿ ಕಾಣಿಸಿಕೊಂಡಾಗ ಕನ್ನಡಿಗರು ಕಂಡದ್ದು ಆ ಕಂಪನಿ ವರ್ಷಗಳ ಫಲ.

ಅಲ್ಲಿ ನಟ ಕಂಪನಿಗೆ ಕಟ್ಟಿಬಿದ್ದಿದ್ದ, ಒಂದು ಪಾತ್ರಕ್ಕಲ್ಲ. ಇಂದು ‘ಸದಾರಮೆ’, ನಾಳೆ ‘ಕುರುಕ್ಷೇತ್ರ’, ನಾಡಿದ್ದು ‘ದಶಾವತಾರ’. ಒಂದರಲ್ಲಿ ರಾಜ, ಇನ್ನೊಂದರಲ್ಲಿ ಸೇವಕ, ಯಾರೋ ಹುಷಾರಿಲ್ಲದೆ ಮಲಗಿದರೆ ಅವರ ಪಾತ್ರವೂ ಇವನ ಕೊರಳಿಗೆ. ಪ್ರತಿ ರಾತ್ರಿ ಒಂದು ಕತೆ ಹುಟ್ಟಿ ಬೆಳೆದು ಮುಗಿಯುತ್ತಿತ್ತು.

ಯಕ್ಷಗಾನದ ಮೇಳಗಳಲ್ಲಿ ಇಂದಿಗೂ ಹೀಗೇ ಇದೆ. ಧರ್ಮಸ್ಥಳ, ಕಟೀಲು, ಮಂದಾರ್ತಿ ಯಾವುದೇ ಮೇಳವಿರಲಿ, ಕಲಾವಿದ ಒಂದು ತಿರುಗಾಟಕ್ಕೆ ಒಪ್ಪಿಕೊಂಡು ಮುಂಗಡ ಪಡೆದರೆ ಮಳೆಗಾಲದ ಮುಂಚಿನ ಪತ್ತನಾಜೆಯ ತನಕ ಆ ಮೇಳದವನು. ಆರು ತಿಂಗಳು ರಾತ್ರಿ ರಾತ್ರಿ ದುಡಿಮೆ. ಒಂದು ರಾತ್ರಿ ಅರ್ಜುನ, ಮರುರಾತ್ರಿ ಕರ್ಣ, ಆಮೇಲೊಂದು ದಿನ ಹೊಸ ಪ್ರಸಂಗದ ಯಾರೋ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯನ್ನೂ ರಾವಣನನ್ನೂ ಬಪ್ಪನಾಡಿನ ಬಪ್ಪ ಬ್ಯಾರಿಯನ್ನೂ ಅಷ್ಟೇ ಅಧಿಕಾರದಿಂದ ನಿಲ್ಲಿಸಿದ್ದು ಇಂಥ ದುಡಿಮೆಯಿಂದ. ಮೇಳದ ಕರಾರು ಕಲಾವಿದನ ದೇಹವನ್ನು ದಣಿಸುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಅವನ ಕಲೆಯನ್ನು ಮಾತ್ರ ಒಣಗಿಸಲಿಲ್ಲ.

ಪಾವಗಡ, ಮಧುಗಿರಿ ಕಡೆಯಿಂದ ನಮ್ಮ ಗಡಿಯ ಹಳ್ಳಿಗಳವರೆಗೆ ಆಡುವ ಪೌರಾಣಿಕ ನಾಟಕದ ಸಂಗತಿ ಇನ್ನೂ ವಿಶೇಷ. ಅಲ್ಲಿ ಪಾತ್ರಧಾರಿಯೇ ದುಡ್ಡು ಕೊಡುತ್ತಾನೆ. ‘ಕುರುಕ್ಷೇತ್ರ’ ಕಟ್ಟಿದರೆ ಕೃಷ್ಣ, ದುರ್ಯೋಧನನಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಕಡಲೆಕಾಯಿ ಮಾರಿದ ದುಡ್ಡು ಹಾರ್ಮೋನಿಯಂ ಮೇಷ್ಟ್ರಿಗೂ ಡ್ರಾಮಾ ಸೀನ್ಸ್‌ನವರಿಗೂ ಹೋಗುತ್ತದೆ. ತಿಂಗಳುಗಟ್ಟಲೆ ತಾಲೀಮು, ಒಂದೇ ರಾತ್ರಿ ನಾಟಕ. ಎಷ್ಟು ಕಂದ, ಎಷ್ಟು ವೃತ್ತ ಹಾಡಿದರೂ, ಎಷ್ಟು ಒನ್ಸ್ ಮೋರ್ ಬಂದರೂ ಬೆಳಗಿನ ಜಾವಕ್ಕೆ ದುರ್ಯೋಧನ ಸಾಯಲೇಬೇಕು. ಈ ನಾಟಕ ನೋಡಿ ಬೆಳೆದ ಜನರೇ ಧಾರಾವಾಹಿಯನ್ನೂ ನೋಡುತ್ತಿದ್ದಾರೆ. ಕತೆಗೆ ಕೊನೆ ಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ದೂರದ ದೇಶದ ಟಿ.ವಿ.ಯೂ ಇದನ್ನೇ ತೋರಿಸಿದೆ. ಮೆಕ್ಸಿಕೋದ ಟೆಲೆವೀಸಾ, ಬ್ರೆಜಿಲಿನ ಗ್ಲೋಬೊ ಬಹುಕಾಲ ತಮ್ಮ ದೊಡ್ಡ ನಟರನ್ನು ವರ್ಷಗಟ್ಟಲೆ ತಮ್ಮಲ್ಲೇ ಇಟ್ಟುಕೊಂಡವು, ಕೆಲಸವಿಲ್ಲದ ತಿಂಗಳಲ್ಲೂ ಸಂಬಳ ಕೊಟ್ಟವು. ಆದರೆ ಅಲ್ಲಿನ ಧಾರಾವಾಹಿಯಾದ ಟೆಲಿನೊವೆಲಾ ಆರೆಂಟು ತಿಂಗಳಿಗೆ ಮುಗಿಯುತ್ತದೆ. ಕೊನೆಯ ಸಂಚಿಕೆಯ ರಾತ್ರಿ ಊರಿಗೆ ಊರೇ ಟಿ.ವಿ. ಮುಂದೆ ಕೂರುತ್ತದೆ. ಮುಂದಿನ ಕತೆಯಲ್ಲಿ ಅದೇ ನಟಿ ಬೇರೆಯೇ ಹೆಂಗಸು. ಕೊಲಂಬಿಯಾದಲ್ಲಿ ಹುಟ್ಟಿ ನಮ್ಮಲ್ಲಿ ಹಿಂದಿಯ ‘ಜಸ್ಸಿ ಜೈಸಿ ಕೋಯಿ ನಹೀಂ’ ಆದ ಕತೆ ಅಂಥ ಲೋಕದ್ದು.

ಬರೆಯುವವರು ಎಲ್ಲಿ?

ದೂರದರ್ಶನದ ಕಾಲದಲ್ಲಿ ಧಾರಾವಾಹಿಗೆ ಅನುಮತಿ ಸಿಗುತ್ತಿದ್ದುದು ಹದಿಮೂರು ಸಂಚಿಕೆಗಳ ಲೆಕ್ಕದಲ್ಲಿ. ಆ ವ್ಯವಸ್ಥೆಯಲ್ಲಿ ಕಚೇರಿ ಅಲೆದಾಟವಿತ್ತು, ಶಿಫಾರಸು ಇತ್ತು, ಅದನ್ನು ಹಾಡಿಹೊಗಳುವ ಕಾರಣವಿಲ್ಲ. ಆದರೆ ಬರೆಯುವವನಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರುತ್ತಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದದ್ದು ಆ ಕಟ್ಟಿನೊಳಗೇ. ಕತೆ ಮೊದಲೇ ಬರೆದಿತ್ತು, ಆರ್.ಕೆ. ನಾರಾಯಣರದು. ಗಿರೀಶ ಕಾಸರವಳ್ಳಿ ಭೈರಪ್ಪನವರ ‘ಗೃಹಭಂಗ’ವನ್ನು ಈಟಿವಿ ಕನ್ನಡಕ್ಕೆ ಮಾಡಿದಾಗಲೂ ನಂಜಮ್ಮನ ಬದುಕು ಎಲ್ಲಿಗೆ ಹೋಗುತ್ತದೆಂದು ಮಾಳವಿಕಾ ಅವಿನಾಶ್‌ಗೆ ಮೊದಲ ದಿನವೇ ಗೊತ್ತಿತ್ತು. ಕೊನೆ ಗೊತ್ತಿರುವ ನಟಿ ಮೊದಲ ದೃಶ್ಯದಲ್ಲೇ ಅದನ್ನು ಒಳಗಿಟ್ಟುಕೊಂಡು ನಡೆಯುತ್ತಾಳೆ. ಅವಳ ಮೌನಕ್ಕೆ ತೂಕ ಬರುವುದು ಹಾಗೆ.

ಹಾಗಾದರೆ ಕಾದಂಬರಿ ಇಲ್ಲದೆ ದೈನಿಕ ಧಾರಾವಾಹಿ ಮಾಡಲಾಗದೇ? ಆಗುತ್ತದೆ ಎಂದು ತೋರಿಸಿದವರು ನಮ್ಮ ನೆರೆಯವರು. ಹಿಂದೂಪುರದ ಪಕ್ಕದ ಗೌರಿಬಿದನೂರಿನಲ್ಲಿ ವಕೀಲಿ ಮಾಡಿದ್ದ ಟಿ.ಎನ್. ಸೀತಾರಾಮ್ 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಂದಿಗೆ ‘ಮಾಯಾಮೃಗ’ ತೆಗೆದಾಗ ದೂರದರ್ಶನದಲ್ಲಿ ಅದು ಬರುವ ಹೊತ್ತಿಗೆ ಬೀದಿಗಳು ಖಾಲಿಯಾಗುತ್ತಿದ್ದವು. ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ ಎಲ್ಲದರಲ್ಲೂ ಅದದೇ ನಟರ ಬಳಗ ತಿರುಗಿ ತಿರುಗಿ ಬಂತು. ಅವರನ್ನು ಹಿಡಿದಿಟ್ಟದ್ದು ಬರವಣಿಗೆಯ ಮೇಲಿನ ನಂಬಿಕೆ. ನ್ಯಾಯಾಲಯದ ದೃಶ್ಯದಲ್ಲಿ ಸೀತಾರಾಮ್ ಅವರ ವಕೀಲ ಪಾತ್ರ ಸಿಎಸ್‌ಪಿ ಪ್ರಶ್ನೆ ಕೇಳುತ್ತಿದ್ದರೆ ಕಟಕಟೆಯಲ್ಲಿ ನಿಂತ ಚಿಕ್ಕ ಪಾತ್ರಕ್ಕೂ ಹೇಳಲು ಏನೋ ಇರುತ್ತಿತ್ತು. ಆ ಧಾರಾವಾಹಿಗಳೂ ಕೆಲವೊಮ್ಮೆ ಉದ್ದವಾದವು, ನಿಜ. ಆದರೆ ಬರವಣಿಗೆಯ ಹಿಡಿತ ತಪ್ಪಲಿಲ್ಲ.

ಇಂದು ನಟನಿಗೆ ವರ್ಷಗಳ ಕರಾರು, ಬರೆಯುವವನಿಗೆ ಸಂಚಿಕೆಯ ಲೆಕ್ಕ. ಕತೆಯ ಎಳೆ ಒಬ್ಬರು, ಚಿತ್ರಕತೆ ಇನ್ನೊಬ್ಬರು, ಸಂಭಾಷಣೆ ಮತ್ತೊಬ್ಬರು. ಗುರುವಾರ ಬಾರ್ಕ್ ಸಂಸ್ಥೆಯ ರೇಟಿಂಗ್ ಬರುತ್ತದೆ. ಅಂಕ ಬಿದ್ದಿದ್ದರೆ ಶುಕ್ರವಾರ ಕತೆ ತಿರುಗುತ್ತದೆ, ಮತ್ತೂ ಬಿದ್ದರೆ ಬರೆಯುವವರೇ ಬದಲು. ಮೂರು ವರ್ಷದಲ್ಲಿ ಆರ್ಯವರ್ಧನನನ್ನು ಎಷ್ಟು ಕೈ ಬರೆದವೋ ನೋಡುಗರಿಗೆ ತಿಳಿಯದು. ಅವನನ್ನು ಮೊದಲಿನಿಂದ ಬಲ್ಲವನು ನಟನೊಬ್ಬನೇ ಆಗಿಬಿಡುತ್ತಾನೆ. ‘ನನ್ನ ಪಾತ್ರ ಹೀಗೆ ಮಾತಾಡುವುದಿಲ್ಲ’ ಎಂದು ನಟ ಹೇಳುವ ದಿನ ಬರುವುದು ಅದಕ್ಕೇ. ಅಲ್ಲಿಂದ ಜಗಳಕ್ಕೆ ದೂರವಿಲ್ಲ. ಒಳ್ಳೆಯ ಬರಹಗಾರನನ್ನು ಮೊದಲ ಸಂಚಿಕೆಯಿಂದ ಕೊನೆಯವರೆಗೆ ಕಟ್ಟಿಹಾಕಿದರೆ ಇಂಥ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಕಾನೂನು ಎಲ್ಲಿಯವರೆಗೆ

ಕಾನೂನು ನಟನನ್ನು ಪೂರ್ತಿ ಕೈಬಿಟ್ಟಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬರ ವೃತ್ತಿಗೆ ತಡೆಯೊಡ್ಡುವ ಒಪ್ಪಂದ ಆ ಮಟ್ಟಿಗೆ ಅಸಿಂಧು. ಕ್ರಿಕೆಟಿಗ ಜಹೀರ್ ಖಾನ್ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕರಾರಿನ ಅವಧಿ ಮುಗಿದ ಮೇಲೂ ಕಟ್ಟಿಹಾಕುವ ಷರತ್ತು ನಿಲ್ಲದು ಎಂದಿತು. ಅವಧಿಯೊಳಗೆ ಮಾತ್ರ ಬೇರೆಡೆ ಕೆಲಸ ಮಾಡದಂತೆ ತಡೆಯಾಜ್ಞೆ ತರಬಹುದು. ಒಬ್ಬರ ಸ್ವಂತ ಪ್ರತಿಭೆಯನ್ನು ಬೇಡುವ ಕೆಲಸವನ್ನು ಬಲವಂತವಾಗಿ ಮಾಡಿಸಲು ನ್ಯಾಯಾಲಯ ಆದೇಶ ಕೊಡುವುದಿಲ್ಲ, ನಷ್ಟ ಕಟ್ಟಿಕೊಡಲು ಹೇಳಬಹುದು.

ಹಾಲಿವುಡ್ಡಿನಲ್ಲಿ ಈ ಪ್ರಶ್ನೆ ಹಿಂದೆಯೇ ಬಂದಿತ್ತು. ಸ್ಟುಡಿಯೋಗಳು ತಾರೆಯರನ್ನು ಏಳು ವರ್ಷಕ್ಕೆ ಬರೆಸಿಕೊಳ್ಳುತ್ತಿದ್ದವು, ಪಾತ್ರ ಬೇಡವೆಂದವರನ್ನು ಅಮಾನತಿನಲ್ಲಿಟ್ಟು ಆ ದಿನಗಳನ್ನು ಕರಾರಿಗೆ ಸೇರಿಸುತ್ತಿದ್ದವು. ವಾರ್ನರ್ ಬ್ರದರ್ಸ್ ವಿರುದ್ಧ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ನ್ಯಾಯಾಲಯಕ್ಕೆ ಹೋದರು. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷ ಎಂದು 1944ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಹೇಳಿತು. ಬಿಡುಗಡೆಯಾದ ಮೇಲೆ ತಾನೇ ಆರಿಸಿಕೊಂಡ ಪಾತ್ರಗಳಿಗೆ ಅವರಿಗೆ ಎರಡು ಆಸ್ಕರ್ ಬಂದವು.

ನಮ್ಮಲ್ಲಿ ಇಂಥ ಜಗಳ ನ್ಯಾಯಾಲಯದ ತನಕ ಹೋಗುವುದು ಕಡಿಮೆ. ಸಂಘದ ಕಚೇರಿಯಲ್ಲಿ, ಪತ್ರಿಕಾಗೋಷ್ಠಿಯಲ್ಲಿ, ಕೊನೆಗೆ ರಾಜಿಯಲ್ಲಿ ಮುಗಿಯುತ್ತದೆ. ಆದರೆ ನಿರ್ಮಾಪಕರೆಲ್ಲ ಸೇರಿ ಒಬ್ಬ ಕಲಾವಿದನಿಗೆ ಕೆಲಸ ಕೊಡುವುದಿಲ್ಲ ಎಂದು ನಿರ್ಧರಿಸುವುದು ತಪ್ಪು. ಕರಾರು ಮುರಿದವನು ನಷ್ಟ ಕಟ್ಟಿಕೊಡಲಿ. ಅವನ ಜೀವನೋಪಾಯವನ್ನೇ ಕಿತ್ತುಕೊಳ್ಳುವ ಅಧಿಕಾರ ಯಾವ ಸಂಘಕ್ಕೂ ಇರಕೂಡದು.

ಆಗಬೇಕಾದ್ದು ಕಷ್ಟದ್ದೇನಲ್ಲ. ಧಾರಾವಾಹಿ ಒಪ್ಪಿಕೊಳ್ಳುವಾಗಲೇ ಕತೆಯ ಅಳತೆ ಕರಾರಿನಲ್ಲಿ ಬರಲಿ, ಇನ್ನೂರೋ ಮುನ್ನೂರೋ ಸಂಚಿಕೆ. ಆ ಮೇಲೆ ಮುಂದುವರಿಸಬೇಕೆಂದರೆ ಚಾನೆಲ್, ನಿರ್ಮಾಪಕ, ನಟ, ಬರಹಗಾರ ನಾಲ್ವರೂ ಹೊಸದಾಗಿ ಒಪ್ಪಲಿ. ನಟನಿಗಿರುವ ಅವಧಿಯೇ ಪ್ರಧಾನ ಬರಹಗಾರನಿಗೂ ಇರಲಿ. ಚಾನೆಲ್‌ಗೆ ನೆಚ್ಚಿನ ಮುಖ ಉಳಿಸಿಕೊಳ್ಳಬೇಕಿದ್ದರೆ ನಟಿಯನ್ನು ಮೂರು ವರ್ಷಕ್ಕೆ ಬರೆಸಿಕೊಳ್ಳಲಿ, ಆದರೆ ಮೂರು ಕತೆ ಕೊಡಲಿ. ‘ಪುಟ್ಟಗೌರಿ ಮದುವೆ’ಯ ಗೌರಿಯಾಗಿದ್ದ ರಂಜನಿ ರಾಘವನ್ ಅದೇ ಚಾನೆಲ್‌ನ ‘ಕನ್ನಡತಿ’ಯಲ್ಲಿ ಕನ್ನಡ ಟೀಚರ್ ಆಗಿ ಬಂದಾಗ ಜನ ಎರಡು ಕೈಯಲ್ಲಿ ಬಾಚಿಕೊಂಡರು. ‘ಕನ್ನಡತಿ’ 2020ರಲ್ಲಿ ಶುರುವಾಗಿ 2023ರ ಫೆಬ್ರವರಿಯಲ್ಲಿ ಮುಗಿಯಿತು, ಇನ್ನಷ್ಟು ದಿನ ಇರಬೇಕಿತ್ತು ಎಂದು ಜನ ಹೇಳುತ್ತಿರುವಾಗಲೇ. ಒಂದು ಧಾರಾವಾಹಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ?

ಚಾನೆಲ್‌ನವರು ನಮ್ಮ ಮಾತು ಕೇಳುವುದಿಲ್ಲ ಎಂದುಕೊಳ್ಳಬೇಡಿ. ‘ಕಾರ್ತಿಕ ದೀಪಂ’ನವರು ಸತ್ತವರನ್ನು ಎಬ್ಬಿಸಿ ತಂದದ್ದು ಜನ ನೋಡುವುದು ಬಿಟ್ಟಾಗ. ಮುಂದಿನ ಸಲ ಹೊಸ ಧಾರಾವಾಹಿಯ ಪ್ರೋಮೋ ಬಂದಾಗ ಅದರ ಕೆಳಗೆ, ಕನ್ನಡದಲ್ಲೋ ತೆಲುಗಿನಲ್ಲೋ, ಒಂದೇ ಒಂದು ಪ್ರಶ್ನೆ ಬರೆಯಿರಿ: ಇದು ಎಷ್ಟು ಸಂಚಿಕೆ? ಉತ್ತರ ಬರುವ ತನಕ ಬರೆಯುತ್ತಿರಿ.